ಟೊಳ್ಳು ಇಟ್ಟಿಗೆಯ ಗಟ್ಟಿ ಕಥೆ

ಇಟ್ಟಿಗೆ ಕೊಳ್ಳುವವರು ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿ ನೋಡುವ ರೂಢಿ ಇದೆ. ‘ಠಣ್’ ಎಂದರೆ ಚೆನ್ನಾಗಿ ಬೆಂದಿದೆ ಎಂದರ್ಥ. ಹೀಗೆ ಗಟ್ಟಿತನವನ್ನೇ ನೆಚ್ಚಿಕೊಂಡವರ ಮುಂದೆ ಉದ್ದಕ್ಕೂ ತೂತು ಕೊರೆದಂತಿರುವ ಇಟ್ಟಿಗೆಯನ್ನಿಟ್ಟರೆ ಅವರು ಮುಖ ಸಿಂಡರಿಸುವುದು ಸಹಜ. ‘ಟೊಳ್ಳು’ ಎಂಬ ಮಾತೇ ನಮ್ಮಲ್ಲಿ ಬೈಗುಳಕ್ಕೆ ಸಮ. ಆದರೆ ಮನೆಯ ಗೋಡೆಗೆ ಈ ಇಟ್ಟಿಗೆ ಬಂದದ್ದು ಲಾಭಕೋರ ಕಂಟ್ರಾಕ್ಟರನ ತಲೆಯಿಂದಲ್ಲ; ಬಡ ಕೂಲಿಕಾರನಿಗೆ ಒಣಗಿದ, ಬೆಚ್ಚಗಿನ ಮನೆ ಕೊಡಬೇಕೆಂಬ ಯೋಚನೆಯಿಂದ.

ಟೊಳ್ಳು ಮಣ್ಣಿನ ವಸ್ತು ಕಟ್ಟಡಕ್ಕೆ ತೀರಾ ಹೊಸದೇನಲ್ಲ. ರೋಮನ್ನರು ಸ್ನಾನಗೃಹಗಳ ಗೋಡೆಯೊಳಗೆ ಪೆಟ್ಟಿಗೆಯಾಕಾರದ ಟೊಳ್ಳು ಬಿಲ್ಲೆಗಳನ್ನಿಟ್ಟು ಬಿಸಿಗಾಳಿ ಹಾಯಿಸುತ್ತಿದ್ದರು. ಇಟಲಿಯ ರವೆನ್ನಾದಲ್ಲಿ 6ನೇ ಶತಮಾನದ ಸಾನ್ ವಿಟಾಲೆ ಚರ್ಚಿನ ಗುಮ್ಮಟ ಹಗುರವಾಗಿರಲೆಂದು ಅದನ್ನು ಮಣ್ಣಿನ ಕೊಳವೆಗಳಿಂದಲೇ ಕಟ್ಟಿದ್ದಾರೆ. ಆದರೆ ಇವೆಲ್ಲ ದೊಡ್ಡವರ ಕಟ್ಟಡಗಳು. ಸಾಮಾನ್ಯರ ಮನೆಗೆ ಟೊಳ್ಳು ಇಟ್ಟಿಗೆ ಬರಲು 19ನೇ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು.

ಆಗಿನ ಲಂಡನ್ನಿನ ಕಾರ್ಮಿಕರ ವಸತಿಗಳು ತೇವ, ಕತ್ತಲೆ, ಕಾಯಿಲೆಗಳ ಗೂಡುಗಳಾಗಿದ್ದವು. 1848–49ರಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಇದೇ ಹೊತ್ತಿನಲ್ಲಿ ಹೆನ್ರಿ ರಾಬರ್ಟ್ಸ್ ಎಂಬ ವಾಸ್ತುಶಿಲ್ಪಿ, ದುಡಿಯುವ ವರ್ಗದ ಸ್ಥಿತಿ ಸುಧಾರಿಸಲು 1844ರಲ್ಲಿ ಹುಟ್ಟಿದ್ದ ಸಂಘವೊಂದಕ್ಕಾಗಿ ಅಗ್ಗದ ಮನೆಗಳ ನಕ್ಷೆ ಬರೆಯುತ್ತಿದ್ದ. ತನ್ನದೇ ಮಾದರಿಯ ಟೊಳ್ಳು ಇಟ್ಟಿಗೆಗೆ 1849ರಲ್ಲಿ ಪೇಟೆಂಟ್ ಪಡೆದ.

ಅದನ್ನು ತಯಾರಿಸಲು ಯಂತ್ರವೂ ಸಿದ್ಧವಾಗಿಯೇ ಇತ್ತು. ಹೊಲದಲ್ಲಿ ನಿಂತ ನೀರು ಬಸಿಯಲು ಮಣ್ಣಿನ ಕೊಳವೆ ಹೂಳುವ ಪದ್ಧತಿ ಇಂಗ್ಲೆಂಡಿನಲ್ಲಿ ಹಬ್ಬಿದ್ದರಿಂದ ಅಂಥ ಕೊಳವೆ ಒತ್ತುವ ಯಂತ್ರಗಳು 1840ರ ದಶಕದಲ್ಲಿ ಬಳಕೆಗೆ ಬಂದಿದ್ದವು. ತತ್ವ ನಮ್ಮ ಚಕ್ಕುಲಿ ಒತ್ತಿನದ್ದೇ. ಹದಗೊಳಿಸಿದ ಮಣ್ಣನ್ನು ಅಚ್ಚಿನ ಮೂಲಕ ಒತ್ತಿದರೆ ತೂತುಗಳ ಸಮೇತ ಉದ್ದನೆಯ ಪಟ್ಟಿ ಹೊರಬರುತ್ತದೆ. ಅದನ್ನು ತಂತಿಯಿಂದ ತುಂಡರಿಸಿ, ಒಣಗಿಸಿ ಸುಡುವುದು. ಇಂದಿನ ಕಾರ್ಖಾನೆಗಳಲ್ಲೂ ಮೂಲತಃ ನಡೆಯುವುದು ಇಷ್ಟೇ.

ಅಡ್ಡಿಯಾಗಿದ್ದುದು ತೆರಿಗೆ. ಅಮೆರಿಕದ ಯುದ್ಧದ ಖರ್ಚು ತುಂಬಿಕೊಳ್ಳಲು ಬ್ರಿಟನ್ 1784ರಲ್ಲಿ ಇಟ್ಟಿಗೆಯ ಮೇಲೆ, ಸಾವಿರಕ್ಕೆ ಇಷ್ಟು ಎಂದು ಸುಂಕ ಹಾಕಿತ್ತು. ಲೆಕ್ಕ ಸಂಖ್ಯೆಯ ಮೇಲೆ ತಾನೆ? ತಯಾರಕರು ದಪ್ಪ ದಪ್ಪ ಇಟ್ಟಿಗೆ ಮಾಡತೊಡಗಿದರು. ಸರ್ಕಾರವೂ ಸುಮ್ಮನಿರದೆ 1803ರಲ್ಲಿ ದೊಡ್ಡ ಇಟ್ಟಿಗೆಗೆ ದುಪ್ಪಟ್ಟು ಸುಂಕ ಹೇರಿತು. (ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು!) ಈ ಗಲಾಟೆಯಲ್ಲಿ ಇಟ್ಟಿಗೆಯ ಆಕಾರದಲ್ಲಿ ಹೊಸ ಪ್ರಯೋಗ ಮಾಡುವುದೇ ಕಷ್ಟವಾಗಿತ್ತು. 1850ರಲ್ಲಿ ಸುಂಕ ರದ್ದಾಯಿತು. ಮರುವರ್ಷವೇ ಲಂಡನ್ನಿನ ಮಹಾ ವಸ್ತುಪ್ರದರ್ಶನ. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಪ್ರೋತ್ಸಾಹದಿಂದ ರಾಬರ್ಟ್ಸ್ ಅಲ್ಲಿ ನಾಲ್ಕು ಕುಟುಂಬಗಳಿಗಾಗುವ ಎರಡು ಅಂತಸ್ತಿನ ಮಾದರಿ ಮನೆ ಕಟ್ಟಿ ತೋರಿಸಿದ. ಗೋಡೆಯಷ್ಟೇ ಅಲ್ಲ, ಮಹಡಿಯ ನೆಲ ಮತ್ತು ಛಾವಣಿಯ ಕಮಾನುಗಳೂ ಟೊಳ್ಳು ಇಟ್ಟಿಗೆಯವೇ. ಪ್ರತಿ ಕುಟುಂಬಕ್ಕೂ ಮೂರು ಮಲಗುವ ಕೋಣೆ, ಸ್ವಂತ ಪಾಯಿಖಾನೆ! ಆ ಕಾಲದ ಕೂಲಿಕಾರನಿಗೆ ಅದು ಅರಮನೆಯೇ ಸರಿ.

ತೂತಿನಿಂದ ಲಾಭವೇನು? ತೂತಿನಲ್ಲಿ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಕಂಬಳಿ ಬೆಚ್ಚಗಿರುವುದೂ ಇದೇ ಕಾರಣದಿಂದ. ಚಳಿ ದೇಶದಲ್ಲಿ ಒಳಗಿನ ಬಿಸಿ ಹೊರಹೋಗದಂತೆ ತಡೆದ ಗೋಡೆ, ನಮ್ಮಲ್ಲಿ ಹೊರಗಿನ ಬಿಸಿಲು ಒಳಬರುವುದನ್ನು ತಡೆಯುತ್ತದೆ. ಗೋಡೆ ಹಗುರ, ಮಣ್ಣೂ ಸೌದೆಯೂ ಉಳಿತಾಯ.

ಅಮೆರಿಕನ್ನರಿಗೆ ಬೇರೊಂದು ಗುಣ ಹಿಡಿಸಿತು. 1871ರ ಅಕ್ಟೋಬರಿನಲ್ಲಿ ಷಿಕಾಗೋ ನಗರ ಹೊತ್ತಿ ಉರಿದ ಮೇಲೆ, ಬೆಂಕಿಗೆ ಕಬ್ಬಿಣವೂ ಬಾಗುತ್ತದೆಂದು ಅರಿತ ಎಂಜಿನಿಯರುಗಳು ಉಕ್ಕಿನ ಕಂಬ–ತೊಲೆಗಳಿಗೆ ಟೊಳ್ಳು ಇಟ್ಟಿಗೆಯ ಹೊದಿಕೆ ಹಾಕಿದರು. ಆರಂಭದ ಎಷ್ಟೋ ಗಗನಚುಂಬಿ ಕಟ್ಟಡಗಳಿಗೆ ಇದೇ ರಕ್ಷಾಕವಚ.

ಯಂತ್ರದಿಂದ ಜೇಡಿಮಣ್ಣು ಒತ್ತುವ ವಿದ್ಯೆ ಕರ್ನಾಟಕಕ್ಕೂ ಬೇಗನೆ ಬಂತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯ ಚಾವಣಿಗಳೆಲ್ಲ ಕ್ರಮೇಣ ಕೆಂಪಾದವು. ಆದರೆ ಗೋಡೆ ಬದಲಾಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಅಗೆದಲ್ಲಿ ಮುರಕಲ್ಲು ಸಿಗುವ ಊರಿನಲ್ಲಿ ಇಟ್ಟಿಗೆ ಯಾರಿಗೆ ಬೇಕು? ಬಯಲುಸೀಮೆಯಲ್ಲಿ ದಪ್ಪನೆಯ ಮಣ್ಣಿನ ಗೋಡೆಯೇ ಮನೆಯನ್ನು ತಂಪಾಗಿಡುತ್ತಿತ್ತು. ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ ಮಾಮೂಲಿ ಇಟ್ಟಿಗೆಗಳನ್ನೇ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುವ ಕ್ರಮವನ್ನು ಪ್ರಚಾರಕ್ಕೆ ತಂದರು. ಇಟ್ಟಿಗೆ ಗಟ್ಟಿ, ಗೋಡೆ ಟೊಳ್ಳು! ಸುಮಾರು ಕಾಲು ಭಾಗ ಇಟ್ಟಿಗೆ ಇದರಿಂದ ಉಳಿಯುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಭರಾಟೆಯಲ್ಲಿ ಟೊಳ್ಳು ಇಟ್ಟಿಗೆಗೆ ಹೊಸ ಗಿರಾಕಿಗಳು ಸಿಕ್ಕರು. ಆಸ್ಟ್ರಿಯಾದ ವೀನರ್‌ಬರ್ಗರ್ ಕಂಪೆನಿ 2009ರಲ್ಲಿ ಕುಣಿಗಲ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ತೆರೆಯಿತು. 400 ಮಿಲಿಮೀಟರ್ ಉದ್ದ, 200 ಅಗಲ, 200 ಎತ್ತರದ ಒಂದು ಬ್ಲಾಕ್ ಎಂಟು ಮಾಮೂಲಿ ಇಟ್ಟಿಗೆಗಳ ಜಾಗ ತುಂಬುತ್ತದೆ. ತೂಕ ಮಾತ್ರ ಅವುಗಳ ಅರ್ಧಕ್ಕಿಂತ ಕಡಿಮೆ. ಗೋಡೆ ಬೇಗ ಏಳುತ್ತದೆ, ಗಾರೆಯೂ ಕಡಿಮೆ ಸಾಕು. ತೊಡಕುಗಳೂ ಇಲ್ಲದಿಲ್ಲ. ಸಿಕ್ಕಲ್ಲಿ ಮೊಳೆ ಹೊಡೆಯುವಂತಿಲ್ಲ. ವೈರಿಂಗ್ ಪೈಪಿಗೆ ಉಳಿ–ಸುತ್ತಿಗೆ ಹಿಡಿದರೆ ಬ್ಲಾಕ್ ಒಡೆಯುತ್ತದೆ, ಯಂತ್ರದಿಂದಲೇ ಕೊಯ್ಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಭಾರದ ಪ್ರಶ್ನೆ. ಭಾರತೀಯ ಮಾನಕದ ಪ್ರಕಾರ ಈ ಇಟ್ಟಿಗೆಗೆ ಇರಬೇಕಾದ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್. ಮಾಮೂಲಿ ಇಟ್ಟಿಗೆಯ ಅತಿ ಕೆಳಗಿನ ದರ್ಜೆಗೂ ಇಷ್ಟೇ ಬಲ. ಆದ್ದರಿಂದ ನಮ್ಮಲ್ಲಿ ಕಾಂಕ್ರೀಟ್ ಕಂಬ–ತೊಲೆಗಳ ನಡುವಿನ ಜಾಗ ಮುಚ್ಚಲು ಮಾತ್ರ ಇದನ್ನು ಹೆಚ್ಚಾಗಿ ಬಳಸುತ್ತಾರೆ. ಕಂಬ ನಿಲ್ಲಿಸುವ ಶಕ್ತಿಯಿಲ್ಲದೆ ಗೋಡೆಯ ಮೇಲೆಯೇ ತಾರಸಿ ಹಾಕಿಸುವ ಬಡವನ ಮನೆಗೆ ಇದು ಇನ್ನೂ ಒದಗಿಲ್ಲ. ರಾಬರ್ಟ್ಸ್ ಕಟ್ಟಿದ ಮನೆಯಲ್ಲಾದರೋ ಗೋಡೆಗಳೇ ಎರಡು ಅಂತಸ್ತನ್ನೂ ಹೊತ್ತಿದ್ದವು. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ 1852ರಲ್ಲಿ ಲಂಡನ್ನಿನ ಕೆನಿಂಗ್ಟನ್ ಪಾರ್ಕಿನಲ್ಲಿ ಮತ್ತೆ ಕಟ್ಟಿದರು. ಅದು ಇಂದಿಗೂ ಅಲ್ಲೇ ನಿಂತಿದೆ.