ತಾಬೋ ವಿಹಾರ
ಸ್ಪಿತಿ ಕಣಿವೆ, ಹಿಮಾಚಲ ಪ್ರದೇಶ

ಹೊರಗಿನಿಂದ ಕಾಣುವುದು ಮಣ್ಣು ಮೆತ್ತಿದ ದಪ್ಪ ಗೋಡೆಗಳು, ಅಷ್ಟೆ. ಅಂಗಳದಲ್ಲೇ ಸುತ್ತಾಡಿ ಹಿಂದಿರುಗಬೇಡಿ. ತಾಬೋದ ಸಿರಿಯೆಲ್ಲ ಒಳಗಿದೆ.

ಪಶ್ಚಿಮ ಟಿಬೆಟಿನ ಗೂಗೆ ರಾಜ್ಯದ ಯೇಶೆ ಓ ಕ್ರಿ.ಶ. 996ರಲ್ಲಿ ಈ ವಿಹಾರವನ್ನು ಕಟ್ಟಿಸಿದ. 46 ವರ್ಷಗಳ ಬಳಿಕ ಅದೇ ವಂಶದ ಜಂಗ್‌ಚುಬ್ ಓ ಇದರ ಜೀರ್ಣೋದ್ಧಾರ ಮಾಡಿಸಿದ. ಇದನ್ನು ತಿಳಿಸುವ ಬರಹ ಗುಡಿಯ ಗೋಡೆಯ ಮೇಲೇ ಇದೆ.

ಮುಖ್ಯ ಗುಡಿಯ ಹೆಸರು ತ್ಸುಗ್ಲಾಖಾಂಗ್. ಮಾಡಿನ ಕಿಂಡಿಯಿಂದ ಇಳಿಯುವ ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದೊಂದಾಗಿ ಕಾಣತೊಡಗುತ್ತವೆ: ನಾಲ್ಕು ದಿಕ್ಕಿಗೂ ಮುಖಮಾಡಿದ ವೈರೋಚನ ಬುದ್ಧ, ಸುತ್ತಲೂ ಗೋಡೆಯ ನಡುಮಟ್ಟದಲ್ಲಿ ಪದ್ಮಪೀಠಗಳ ಮೇಲೆ ಕುಳಿತ ಮಣ್ಣಿನ ದೇವತೆಗಳು. ನೆಲದ ಆಸರೆಯಿಲ್ಲದ ಈ ಮೂರ್ತಿಗಳು ಗಾಳಿಯಲ್ಲಿ ತೇಲುವಂತಿವೆ. ಇಡೀ ಸಭಾಂಗಣವೇ ಒಂದು ಮಂಡಲ. ಅದರೊಳಗೇ ನೀವು ನಿಂತಿದ್ದೀರಿ. ಮೂರ್ತಿಗಳ ಕೆಳಗಿನ ಚಿತ್ರಸಾಲಿನಲ್ಲಿ ಬುದ್ಧನ ಜೀವನವೂ, ಗುರುವಿನಿಂದ ಗುರುವಿಗೆ ಅಲೆದ ಸುಧನನ ಕಥೆಯೂ ಇವೆ. ಕುಂಚದಲ್ಲಿ ಕಾಶ್ಮೀರದ ಕೈಚಳಕ ಎದ್ದು ಕಾಣುತ್ತದೆ. ಪ್ರದಕ್ಷಿಣಾ ಪಥದ ಬೋಧಿಸತ್ತ್ವರ ಧೋತರಗಳನ್ನು ಗಮನಿಸಿ: ಬಟ್ಟೆಯ ಚಿತ್ತಾರವನ್ನೂ ಕಲಾವಿದ ಬಿಡದೆ ಬಿಡಿಸಿದ್ದಾನೆ.

1975ರ ಕಿನ್ನೌರ್ ಭೂಕಂಪದಲ್ಲಿ ಕಟ್ಟಡಕ್ಕೆ ಪೆಟ್ಟು ಬಿತ್ತು. ಪಕ್ಕದ ಹೊಸ ಸಭಾಭವನ ಆ ನಂತರದ್ದು. ಹಳೆಯ ಗುಡಿಗಳು ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಮಳೆ ಅಪರೂಪವಾದ ಸೀಮೆಗೆಂದು ಕಟ್ಟಿದ ಮಣ್ಣಿನ ಮಾಡು ಇದು. ಜೋರು ಮಳೆಯನ್ನು ತಾಳದು.

ಇಲ್ಲಿ ಇಂದಿಗೂ ಭಿಕ್ಷುಗಳಿದ್ದಾರೆ, ಪೂಜೆ ನಡೆಯುತ್ತದೆ. ಪಾದರಕ್ಷೆ ಹೊರಗೆ ಬಿಡಿ. ಒಳಗೆ ಫೋಟೊ ತೆಗೆಯಬೇಡಿ, ಗೋಡೆಗೆ ಒರಗಬೇಡಿ.