ಪಿಂಗ್‌ಗೆ ಉತ್ತರ ಬಾರದಿದ್ದರೆ ಸರ್ವರ್ ಬಂದ್ ಆಗಿದೆ ಎಂದರ್ಥವೇ?

ಪರೀಕ್ಷೆಯ ಫಲಿತಾಂಶದ ದಿನ ನಿಮ್ಮ ವಾಟ್ಸ್‌ಆ್ಯಪ್‌ಗೆ ಒಂದು ಸ್ಕ್ರೀನ್‌ಶಾಟ್ ಬರುತ್ತದೆ ಎಂದುಕೊಳ್ಳಿ. ಕಪ್ಪು ಪರದೆಯ ಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬ ನಾಲ್ಕು ಸಾಲುಗಳು. ಕೆಳಗೆ, ‘ಸರ್ಕಾರದ ಸರ್ವರ್ ಬಂದ್ ಆಗಿದೆ, ಈ ಲಿಂಕ್‌ನಲ್ಲಿ ಫಲಿತಾಂಶ ನೋಡಿ’ ಎಂಬ ಬರಹ. ಆ ನಾಲ್ಕು ಸಾಲುಗಳು ನಿಜಕ್ಕೂ ಏನು ಹೇಳುತ್ತವೆ? ನೋಡೋಣ.

ಪಿಂಗ್ ಎಂದರೇನು?

ದೂರದ ಕಂಪ್ಯೂಟರ್‌ಗೆ ‘ಇದ್ದೀಯಾ?’ ಎಂದು ಕೂಗಿ ಕೇಳುವ ಪುಟ್ಟ ತಂತ್ರಾಂಶ ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದೇ ಇದರ ಹೆಸರಾಯಿತು.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ‘ಪಿಂಗ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಜಾಲತಾಣದ ವಿಳಾಸ ಕೊಟ್ಟರೆ ನಾಲ್ಕು ಸಂದೇಶಗಳು ಹೋಗುತ್ತವೆ. ಉತ್ತರ ಬಂದರೆ, ಹೋಗಿ ಬರಲು ಹಿಡಿದ ಸಮಯ ಮಿಲಿಸೆಕೆಂಡ್‌ಗಳಲ್ಲಿ ಕಾಣುತ್ತದೆ. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹಾಗಾಗಿ 1,000 ಕಿ.ಮೀ. ದೂರದ ಸರ್ವರ್‌ನಿಂದ ಉತ್ತರ ಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು.

ಉತ್ತರ ಬಾರದಿದ್ದರೆ?

ಸರ್ವರ್ ನಿಂತಿರಬಹುದು, ನಿಮ್ಮ ಇಂಟರ್ನೆಟ್ ಕೈಕೊಟ್ಟಿರಬಹುದು. ಇವೆರಡೂ ಅಲ್ಲದೆ, ಸರ್ವರ್ ಬೇಕೆಂದೇ ಸುಮ್ಮನಿರಬಹುದು. ಪಿಂಗ್ ಬಳಸುವುದು ಐಸಿಎಂಪಿ ಎಂಬ ಸಂದೇಶವನ್ನು. ಸುರಕ್ಷತೆಗಾಗಿ ಹಲವು ಸರ್ವರ್‌ಗಳ ಫೈರ್‌ವಾಲ್ ಇದನ್ನು ತಡೆಯುತ್ತದೆ. ಜಾಲತಾಣದ ಪುಟಗಳು ಬರುವ ದಾರಿ ಬೇರೆ: ಸಾಮಾನ್ಯವಾಗಿ 443ನೇ ಪೋರ್ಟ್. ಕಾಲಿಂಗ್ ಬೆಲ್ ಆಫ್ ಮಾಡಿದ ಅಂಗಡಿಯೂ ತೆರೆದೇ ಇರಬಹುದಲ್ಲವೇ?

‘ಹೋಸ್ಟ್ ಸಿಗಲಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಅದು ಬೇರೆಯೇ ವಿಷಯ. ಆಗ ಮೊದಲು ವಿಳಾಸದ ಕಾಗುಣಿತ ನೋಡಿ.

ಸರಿಯಾಗಿ ಪರೀಕ್ಷಿಸುವುದು ಹೇಗೆ?

ಅದೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್‌ನಲ್ಲಿ ‘ಕರ್ಲ್’, ಸ್ಪೇಸ್, ಹೈಫನ್, ಅದಕ್ಕೆ ತಾಗಿದಂತೆ ದೊಡ್ಡಕ್ಷರದ ‘ಐ’, ಮತ್ತೆ ಸ್ಪೇಸ್, ನಂತರ ಎಚ್‌ಟಿಟಿಪಿಎಸ್ ಸಹಿತ ಪೂರ್ಣ ವಿಳಾಸ ಕೊಡಿ. ಮೊದಲ ಸಾಲಿನಲ್ಲಿ 200 ಬಂದರೆ ಪುಟ ಸಿಗುತ್ತಿದೆ. 301 ಅಥವಾ 302 ಎಂದರೆ ಬೇರೆ ವಿಳಾಸಕ್ಕೆ ಕಳುಹಿಸುತ್ತಿದೆ. 503 ಎಂದರೆ ಸದ್ಯಕ್ಕೆ ಸೇವೆ ಲಭ್ಯವಿಲ್ಲ. ಜನದಟ್ಟಣೆ ಹೆಚ್ಚಾದಾಗಲೂ ಹೀಗಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಕಂಪ್ಯೂಟರ್ ಇಲ್ಲವೇ? ಫೋನ್‌ನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆಯಿರಿ. ತೆರೆದರೆ ತೊಂದರೆ ಇದ್ದದ್ದು ವೈಫೈ ಸಂಪರ್ಕದಲ್ಲಿರಬೇಕು.

ನಮ್ಮ ತೀರ್ಮಾನ

ಪಿಂಗ್‌ಗೆ ಉತ್ತರ ಬಾರದ ಸ್ಕ್ರೀನ್‌ಶಾಟ್ ಒಂದೇ ‘ಸರ್ವರ್ ಬಂದ್’ ಎಂಬುದಕ್ಕೆ ಸಾಕ್ಷಿಯಲ್ಲ. ಹಾಗೆಯೇ ಉತ್ತರ ಬಂದ ಮಾತ್ರಕ್ಕೆ ಜಾಲತಾಣ ಅಸಲಿ ಎಂದೂ ಅಲ್ಲ. ನಕಲಿ ಜಾಲತಾಣವೂ ಪಿಂಗ್‌ಗೆ ಚೆನ್ನಾಗಿಯೇ ಉತ್ತರಿಸುತ್ತದೆ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್‌ನಲ್ಲಿ ನೋಂದಣಿ ಸಂಖ್ಯೆ, ಒಟಿಪಿ ಕೊಡಬೇಡಿ. ಅಧಿಕೃತ ವಿಳಾಸವನ್ನು ನೀವೇ ಟೈಪ್ ಮಾಡಿ. ಫಲಿತಾಂಶ ಅರ್ಧ ಗಂಟೆ ತಡವಾಗಿ ಸಿಕ್ಕರೆ ಅಂಕವೇನೂ ಕಡಿಮೆಯಾಗದು!