ಕಲ್ಪಿತ ದೇಶದಲ್ಲಿ ಚರಿತ್ರೆಯ ಆಧಾರಗಳು: ‘ಎಲ್ಡರ್ ಸ್ಕ್ರೋಲ್ಸ್’ ಆಟಗಳ ಹಳತು ಹೊಸತು

ಗಣಕಯಂತ್ರದ ಆಟವೊಂದು ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ವಿಚಾರಕ್ಕೆ ಅರ್ಹವೇ ಎಂಬ ಶಂಕೆ ವಾಚಕರಲ್ಲಿ ಕೆಲವರಿಗಾದರೂ ಹುಟ್ಟದಿರದು. ನಮಗೂ ಅದು ಹುಟ್ಟಿದ್ದಿತು. ಆದರೆ ಇಂದು ಪದವಿ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು, ಒಂದು ತಾಮ್ರಪಟವನ್ನು ಕಣ್ಣಾರೆ ಕಾಣುವ ಮೊದಲೇ, ಇಲ್ಲದ ದೇಶವೊಂದರ ರಾಜವಂಶಗಳನ್ನೂ ಯುದ್ಧಗಳನ್ನೂ ಬಾಯಿಪಾಠವಾಗಿ ಬಲ್ಲವರಾಗಿರುತ್ತಾರೆ. ಅವರು ಆ ಕಲ್ಪಿತ ಗತಕಾಲವನ್ನು ಯಾವ ರೀತಿಯಲ್ಲಿ ಅರಿತರು, ಆಧಾರಗಳನ್ನು ತೂಗಿ ಅರಿತರೋ ಅಥವಾ ಹೇಳಿದ್ದನ್ನು ಒಪ್ಪಿ ಅರಿತರೋ ಎಂಬುದು ಇತಿಹಾಸವನ್ನು ಬೋಧಿಸುವವರಿಗೆ ಸಂಬಂಧಪಡದ ವಿಷಯವಲ್ಲ.

ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಬೆಥೆಸ್ಡಾ ಎಂಬ ಸಂಸ್ಥೆಯವರು ಹೊರತಂದ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಆಟಗಾರನು ಒಂದು ಪಾತ್ರವನ್ನು ಧರಿಸಿ ಟ್ಯಾಮ್ರಿಯಲ್ ಎಂಬ ಖಂಡದಲ್ಲಿ ಸಂಚರಿಸುವುದು ಇವುಗಳ ಸಾಮಾನ್ಯ ಲಕ್ಷಣ. ‘ಅರೀನಾ’ 1994ರಲ್ಲಿಯೂ, ‘ಡ್ಯಾಗರ್‌ಫಾಲ್’ 1996ರಲ್ಲಿಯೂ, ‘ಮಾರೋವಿಂಡ್’ 2002ರಲ್ಲಿಯೂ, ‘ಆಬ್ಲಿವಿಯನ್’ 2006ರಲ್ಲಿಯೂ, ‘ಸ್ಕೈರಿಮ್’ 2011ರಲ್ಲಿಯೂ ಪ್ರಕಟವಾದುವು. ಇವಲ್ಲದೆ ಉಪಕೃತಿಗಳೂ ಕೆಲವುಂಟು; ಅವು ಪ್ರಕೃತ ವಿಚಾರಕ್ಕೆ ಅನಾವಶ್ಯಕ.

ಹಳೆಯವು ಗಂಭೀರ, ಹೊಸವು ಪೊಳ್ಳು ಎಂಬುದು ಈ ಮಾಲೆಯ ಹಳಬರ ಸಾಮಾನ್ಯವಾದ ದೂರು. ಇದಕ್ಕೆ ಅವರು ಕೊಡುವ ಮುಖ್ಯ ಪ್ರಮಾಣ ಅಂಕಿಗಳದು. ಪಾತ್ರವು ಕಲಿಯಬಹುದಾದ ವಿದ್ಯೆಗಳು ಡ್ಯಾಗರ್‌ಫಾಲ್‌ನಲ್ಲಿ 35, ಮಾರೋವಿಂಡ್‌ನಲ್ಲಿ 27, ಆಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18. ಇಳಿಕೆ ನಿಜ. ಆದರೆ ಎಣಿಕೆಯಿಂದ ಗುಣವನ್ನು ನಿರ್ಣಯಿಸುವುದು ಸಾಧುವಲ್ಲ. ಆ 35ರಲ್ಲಿ ಒಂಬತ್ತು ಕೇವಲ ಭಾಷೆಗಳು: ರಾಕ್ಷಸರ ಭಾಷೆ, ದೈತ್ಯರ ಭಾಷೆ ಇತ್ಯಾದಿ. ಭಾಷಾಜ್ಞಾನವನ್ನು ವಿದ್ಯೆಗಳಲ್ಲಿ ಎಣಿಸಿದುದನ್ನು ಕಂಡು ನಾವು ಮೊದಲು ಸಂತೋಷಪಟ್ಟೆವು. ಆದರೆ ಅವುಗಳಿಂದ ಆಗುವ ಕಾರ್ಯವೆಂದರೆ ಎದುರಾದ ಪ್ರಾಣಿಯು ಒಮ್ಮೊಮ್ಮೆ ಮೇಲೆ ಬೀಳದೆ ಸುಮ್ಮನಿರುವುದು, ಅಷ್ಟೆ. ಅದರೊಡನೆ ಸಂಭಾಷಣೆಯಿಲ್ಲ, ಅದರಿಂದ ತಿಳಿಯುವುದು ಏನೂ ಇಲ್ಲ.

ಹಳತು ಎಂಬುದೂ ಏಕರೂಪವಾದುದಲ್ಲ. ಡ್ಯಾಗರ್‌ಫಾಲ್‌ನ ಭೂಪ್ರದೇಶ ಗ್ರೇಟ್ ಬ್ರಿಟನ್ನಿನಷ್ಟು ವಿಸ್ತಾರವಾದುದೆಂದು ಪ್ರಖ್ಯಾತಿ; ಊರು, ಗುಡಿ, ನೆಲಮಾಳಿಗೆಗಳು ಸುಮಾರು 15,000. ಇವುಗಳಲ್ಲಿ ಬಹುಪಾಲನ್ನು ನಿಯಮಾನುಸಾರವಾಗಿ ಯಂತ್ರವೇ ಹೆಣೆದುದರಿಂದ ಒಂದು ಊರನ್ನು ಕಂಡವನು ನೂರು ಊರುಗಳನ್ನು ಕಂಡಂತೆಯೇ. ಹೊಸ ಆಟಗಳ ಸೋಮಾರಿತನವೆಂದು ಹಳಿಯಲ್ಪಡುವ ಶೀಘ್ರಪ್ರಯಾಣ, ಎಂದರೆ ನಕ್ಷೆಯಲ್ಲಿ ಊರನ್ನು ಮುಟ್ಟಿದೊಡನೆ ಅಲ್ಲಿಗೆ ತಲುಪುವ ಏರ್ಪಾಡು, ಅರೀನಾದಲ್ಲಿಯೂ ಡ್ಯಾಗರ್‌ಫಾಲ್‌ನಲ್ಲಿಯೂ ಇದ್ದಿತು. ಅದನ್ನು ಕೈಬಿಟ್ಟುದು ಮಾರೋವಿಂಡ್. ಮರಳಿ ತಂದುದು ಆಬ್ಲಿವಿಯನ್. ಆದುದರಿಂದ ಹಳಬರು ‘ಹಳೆಯ ಪದ್ಧತಿ’ ಎಂದು ಕೊಂಡಾಡುವುದು ವಾಸ್ತವವಾಗಿ 2002ರ ಒಂದು ಕೃತಿಯ ಪದ್ಧತಿಯನ್ನು.

ಆ ಕೃತಿಯ ಸ್ವಭಾವಕ್ಕೆ ಹಿಂದಿನ ಆಟದ ಒಂದು ತೊಡಕೂ ಕಾರಣವಾಗಿರಬಹುದೆಂದು ನಮ್ಮ ಊಹೆ. ಡ್ಯಾಗರ್‌ಫಾಲ್‌ನ ಕೊನೆಯಲ್ಲಿ ಮಹಾಯಂತ್ರವೊಂದರ ಒಡೆತನವನ್ನು ಆಟಗಾರನು ಯಾರಿಗೆ ಒಪ್ಪಿಸುವನೋ ಅವರಿಗೆ ಜಯ. ಹೀಗಾಗಿ ಒಂದೇ ಘಟನೆಗೆ ಹಲವು ಮುಕ್ತಾಯಗಳು. ಮುಂದಿನ ಕಥೆಯನ್ನು ಬರೆಯಬೇಕಾದವರು ಇವುಗಳಲ್ಲಿ ಯಾವುದನ್ನು ನಡೆದ ಸಂಗತಿಯೆಂದು ಹಿಡಿಯಬೇಕು? ಅವರು ಒಂದನ್ನೂ ಆರಿಸಲಿಲ್ಲ. ಕಾಲವೇ ಮುರಿದು ಎಲ್ಲವೂ ಒಟ್ಟಿಗೆ ನಡೆದುವು ಎಂದರು. ಆಬ್ಲಿವಿಯನ್‌ನಲ್ಲಿ ದೊರೆಯುವ ‘ಪಶ್ಚಿಮದ ವಿಪರ್ಯಾಸ’ ಎಂಬರ್ಥದ ಪುಸ್ತಕವು ಈ ವಿಷಯವನ್ನೇ ಕುರಿತದ್ದು. ಚರಿತ್ರಕಾರನಿಗೆ ಇಂತಹ ಪರಿಹಾರ ಒದಗುವುದಿಲ್ಲ, ಅಸೂಯೆ ಪಡಬಹುದು. ಆದರೆ ಪರಸ್ಪರ ವಿರುದ್ಧವಾದ ಪಾಠಗಳನ್ನು ಅಳಿಸದೆ ಪಕ್ಕಪಕ್ಕದಲ್ಲಿ ಇರಗೊಡುವ ಅಭ್ಯಾಸ ಅವರಿಗೆ ಉಂಟಾಯಿತು.

ಮಾರೋವಿಂಡ್‌ನ ಕಥೆಯ ಕೇಂದ್ರದಲ್ಲಿ ಒಂದು ಮರಣವಿದೆ. ನೆರೆವಾರ್ ಎಂಬ ನಾಯಕನು ಕೆಂಪು ಪರ್ವತದ ಯುದ್ಧದಲ್ಲಿ ಸತ್ತನು. ಹೇಗೆ ಸತ್ತನು? ಗಾಯಗಳಿಂದ ಸತ್ತನೆಂದು ವಿವೆಕ್ ಹೇಳುತ್ತಾನೆ. ಈ ವಿವೆಕ್ ನೆರೆವಾರನ ಮಂತ್ರಿಗಳಲ್ಲಿ ಒಬ್ಬನಾಗಿದ್ದು ಅನಂತರ ದೇವರಾಗಿ ಪೂಜೆಗೊಳ್ಳುತ್ತಿರುವವನು. ಮಂತ್ರಿಗಳೇ ಕೊಂದರೆಂದು ಬೂದಿನಾಡಿನ ಅಲೆಮಾರಿಗಳ ಪರಂಪರೆ. ನೆರೆವಾರನ ಗುರಾಣಿ ಹೊರುತ್ತಿದ್ದ ಅಲಾಂಡ್ರೋ ಸುಲ್ ಅದಕ್ಕೆ ಮೂಲ. ಈ ಎರಡನೆಯ ಪಾಠ ಉಳಿದಿರುವುದು ಮಂದಿರದವರು ಮುಚ್ಚಿಟ್ಟ ಗ್ರಂಥಗಳಲ್ಲಿ. ಮೊದಲನೆಯದಾದರೋ, ಮಂದಿರದ ಮತವನ್ನು ಒಪ್ಪದ ಪುರೋಹಿತನೊಬ್ಬನನ್ನು ವಿಚಾರಣೆಗೆ ಗುರಿಮಾಡಿದಾಗ ವಿವೆಕ್ ಆಡಿದ ಮಾತುಗಳ ದಾಖಲೆ. ಎಂದರೆ ಆಪಾದಿತನೇ ನ್ಯಾಯಪೀಠದಲ್ಲಿ ಕುಳಿತು ಕೊಟ್ಟ ಸಾಕ್ಷ್ಯ. ಇತ್ತ ಅಲೆಮಾರಿಗಳ ಪಾಠವೂ ನಿರ್ದುಷ್ಟವಲ್ಲ. ಅದು ಬಹುಕಾಲ ಬಾಯಿಂದ ಬಾಯಿಗೆ ಬಂದು, ಮಂದಿರದ ಮೇಲೆ ಹಗೆಯುಳ್ಳವರಲ್ಲಿ ಉಳಿದುದು. ಆಟವು ಕೊನೆಯವರೆಗೂ ತೀರ್ಪು ಕೊಡುವುದಿಲ್ಲ. ಆಧಾರವಿಮರ್ಶೆಯ ಮೊದಲ ಪಾಠಕ್ಕೆ ಇದಕ್ಕಿಂತ ಅನುಕೂಲವಾದ ಉದಾಹರಣೆಯನ್ನು ನಾವೇ ಕಟ್ಟಬೇಕಾಗಿದ್ದರೂ ಕಟ್ಟಲಾರದೆ ಹೋಗುತ್ತಿದ್ದೆವು.

ಈ ವಿಮರ್ಶಕ ಗುಣವು ಪುಸ್ತಕಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಗುರಿಯ ಸ್ಥಳವನ್ನು ತೋರಿಸುವ ಗುರುತು ಇಲ್ಲಿ ಇರಲಿಲ್ಲ. ಬಾಲ್ಮೋರಾ ಪಟ್ಟಣದ ವಿದ್ವಾಂಸನೊಬ್ಬನು ಪಾಳುಬಿದ್ದ ನಗರವೊಂದರಿಂದ ಸಣ್ಣ ಪೆಟ್ಟಿಗೆಯೊಂದನ್ನು ತರಹೇಳುತ್ತಾನೆ. ಊರಿನಿಂದ ಹೊರಟು ನದಿಯನ್ನು ದಾಟಬೇಕು, ಮೂನ್‌ಮಾತ್ ಕೋಟೆಯನ್ನು ಕಳೆಯಬೇಕು, ಪುರಾತನ ಸೇತುವೆಯ ಮೇಲೆ ಕಮರಿಯನ್ನು ಹಾಯಬೇಕು. ಅಷ್ಟಾದರೂ ಬಾಗಿಲು ತೆರೆಯುವ ತಿರುಗುಹಿಡಿ ಬಳಿಯಲ್ಲೆಲ್ಲೋ ಅಡಗಿದೆ. ಕೇಳಿದ ಮಾತು ದಿನಚರಿಯಲ್ಲಿ ತಾರೀಖಿನ ಕ್ರಮದಲ್ಲಿ ದಾಖಲಾಗುತ್ತದೆ. ವಿಷಯಾನುಕ್ರಮಣಿಕೆ ದೊರೆತುದು ಅದೇ ವರ್ಷ ಬಂದ ‘ಟ್ರಿಬ್ಯೂನಲ್’ ಎಂಬ ಅನುಬಂಧದಿಂದ. ಹೇಳಿದ ದಿಕ್ಕು ತಪ್ಪಾಗಿರುವುದೂ ಉಂಟು. ಆ ತಪ್ಪು ಪಾತ್ರದ ಅಜ್ಞಾನವೋ ಬರೆದವರ ಅಜಾಗರೂಕತೆಯೋ ತಿಳಿಯುವ ಉಪಾಯವಿಲ್ಲ. ಲಿಪಿಕಾರನ ದೋಷವನ್ನು ಎದುರಿಸುವ ಶಾಸನ ಸಂಶೋಧಕನ ಪಾಡು ಇದೇ ಅಲ್ಲವೇ? ಮುಖ್ಯವಾದ ಪಾತ್ರವನ್ನು ಕೊಂದರೆ ಭವಿಷ್ಯವಾಣಿಯ ಎಳೆ ಕಡಿಯಿತೆಂದು ಎಚ್ಚರಿಕೆ ಬರುತ್ತದೆ. ಆದರೆ ಆಟ ತಡೆಯುವುದಿಲ್ಲ. ತಪ್ಪು ಮಾಡಲು ಅವಕಾಶವಿದ್ದುದರಿಂದಲೇ ಓದುವುದಕ್ಕೂ ಕೇಳುವುದಕ್ಕೂ ಬೆಲೆಯಿದ್ದಿತು.

2006ರಲ್ಲಿ ಇದು ಬದಲಾಯಿತು. ಆಬ್ಲಿವಿಯನ್‌ನ ತೆರೆಯ ಕೆಳಭಾಗದಲ್ಲಿ ದಿಕ್ಸೂಚಿಯೊಂದಿದ್ದು ಅದರಲ್ಲಿನ ಬಾಣವು ಹೋಗಬೇಕಾದ ಕಡೆಯನ್ನು ತೋರಿಸುತ್ತದೆ. ಕಥೆಗೆ ಅಗತ್ಯವಾದ ಪಾತ್ರಗಳು ಪೆಟ್ಟುತಿಂದು ಮೂರ್ಛೆಹೋಗುವುವೇ ಹೊರತು ಸಾಯುವುದಿಲ್ಲ. ಇದನ್ನು ವ್ಯಾಪಾರಬುದ್ಧಿಯೊಂದಕ್ಕೇ ಆರೋಪಿಸುವುದು ಅವಸರದ ತೀರ್ಮಾನವಾದೀತು. ಮಾರೋವಿಂಡ್‌ನ ಸಂಭಾಷಣೆ ಬಹುಮಟ್ಟಿಗೆ ಬರಹದಲ್ಲಿದ್ದಿತು. ಆಬ್ಲಿವಿಯನ್‌ನಲ್ಲಿ ಎಲ್ಲ ಮಾತನ್ನೂ ನಟರಿಂದ ಆಡಿಸಿದರು. ಚಕ್ರವರ್ತಿಯ ಮಾತು ಪ್ಯಾಟ್ರಿಕ್ ಸ್ಟೂಅರ್ಟ್ ಅವರದು. ಹೀಗೆ ಮುದ್ರಿಸಿದ ಮಾತು ದುಬಾರಿ. ಮೂರು ವಾಕ್ಯಗಳ ದಾರಿವರ್ಣನೆಗೆ ಅಲ್ಲಿ ಎಡೆ ಕಡಮೆ. ಅಲ್ಲದೆ ಈ ಆಟದ ಜನರು ಹೊತ್ತಿಗೆ ಸರಿಯಾಗಿ ಏಳುತ್ತಾರೆ, ಅಂಗಡಿಗೆ ಹೋಗುತ್ತಾರೆ, ಮಲಗುತ್ತಾರೆ. ಚಲಿಸುತ್ತಿರುವ ಮನುಷ್ಯನ ವಿಳಾಸವನ್ನು ಮಾತಿನಲ್ಲಿ ಹೇಳುವುದು ಕಷ್ಟ, ಬಾಣಕ್ಕೆ ಸುಲಭ. ಲೋಕವು ಜೀವಂತವಾದಷ್ಟೂ ಅದನ್ನು ಕುರಿತ ವಿಚಾರಣೆ ಅನಾವಶ್ಯಕವಾಯಿತು.

ಸ್ಕೈರಿಮ್‌ನಲ್ಲಿ ವಿರುದ್ಧ ಪಾಠಗಳು ಇಲ್ಲವೆಂದು ಯಾರಾದರೂ ಹೇಳಿದರೆ ಅದು ಅನ್ಯಾಯ. ದಂಗೆಯೆದ್ದ ಉಲ್ಫ್ರಿಕ್ ಮಾರ್ಕಾರ್ತ್ ನಗರದಲ್ಲಿ ನಡೆಸಿದ ಕ್ರೌರ್ಯವನ್ನು ವರ್ಣಿಸುವ ಪುಸ್ತಕವಿದೆ. ಅದರ ಕರ್ತೃ ಸಾಮ್ರಾಜ್ಯದ ಪಕ್ಷದ ವಿದ್ವಾಂಸ. ಶತ್ರುಗಳಾದ ಥಾಲ್ಮೋರರ ರಾಯಭಾರ ಕಚೇರಿಯಲ್ಲಿ ಉಲ್ಫ್ರಿಕನನ್ನು ಕುರಿತ ಗುಪ್ತ ಕಡತವೊಂದು ದೊರೆಯುತ್ತದೆ. ಅವನ ದಂಗೆಯು ತಮಗೆ ಉಪಯುಕ್ತವೆಂದು ಆ ಶತ್ರುಗಳೇ ಅದರಲ್ಲಿ ಬರೆದುಕೊಂಡಿದ್ದಾರೆ. ಯಾವ ಚರಿತ್ರಕಾರನಿಗಾದರೂ ಕೈ ನಡುಗಿಸುವ ದಾಖಲೆ. ಆದರೆ ಅದನ್ನು ಓದಿದವನು ಉಲ್ಫ್ರಿಕನ ಎದುರಿಗೆ ಹೋಗಿ ನಿಂತರೆ ಅದನ್ನು ಕುರಿತು ಕೇಳಲು ಒಂದು ಪ್ರಶ್ನೆಯೂ ಇಲ್ಲ. ಓದಿದವನಿಗೂ ಓದದವನಿಗೂ ಯುದ್ಧ ಒಂದೇ ಬಗೆಯಾಗಿ ನಡೆಯುತ್ತದೆ.

ನಮ್ಮನ್ನು ಬಹಳ ಕಾಲ ಹಿಡಿದು ನಿಲ್ಲಿಸಿದುದು ಅಲ್ಲಿಯ ಶಿಲಾಲೇಖಗಳು. ಡ್ರ್ಯಾಗನ್‌ಗಳ ಭಾಷೆಗೆ ಉಗುರಿನಿಂದ ಗೀರಿದಂತಹ ಲಿಪಿಯೊಂದನ್ನು ಕಲ್ಪಿಸಿ, ಬೆಟ್ಟಗಳ ಮೇಲೆಯೂ ಸಮಾಧಿಗಳಲ್ಲಿಯೂ ಕಲ್ಲಿನ ಗೋಡೆಗಳಲ್ಲಿ ಕೊರೆದಿದ್ದಾರೆ. ಅವು ಬರಿಯ ಅಲಂಕಾರವಲ್ಲ, ಅರ್ಥವುಳ್ಳ ವಾಕ್ಯಗಳು. ಹಲವು ಸ್ಮಾರಕ ಲೇಖಗಳು: ಇಂಥವನು ಇಲ್ಲಿ ಮಲಗಿದ್ದಾನೆ, ಇಂಥವನ ನೆನಪಿಗೆ ಇಂಥವನು ಈ ಕಲ್ಲನ್ನು ನಿಲ್ಲಿಸಿದನು ಎಂಬ ಧಾಟಿಯವು. ವೀರಗಲ್ಲುಗಳನ್ನು ಓದಿ ಬಲ್ಲ ವಾಚಕರಿಗೆ ಈ ಧಾಟಿ ಅಪರಿಚಿತವಲ್ಲ. ಆಟಗಾರರಲ್ಲಿ ಆಸಕ್ತರಾದ ಕೆಲವರು ಅಕ್ಷರಮಾಲೆಯನ್ನು ಗುರುತಿಸಿ, ಕೋಶವನ್ನು ಕಟ್ಟಿ, ಗೋಡೆಗಳನ್ನು ಓದಿದ್ದಾರೆ. ಆದರೆ ಆಟಕ್ಕೆ ಆ ಶ್ರಮ ಬೇಕಾಗಿಲ್ಲ. ಗೋಡೆಯ ಹತ್ತಿರ ನಡೆದರೆ ಸಾಕು. ಒಂದು ಪದ ತಾನಾಗಿ ಬೆಳಗುತ್ತದೆ, ಅದರ ಶಕ್ತಿ ಪಾತ್ರಕ್ಕೆ ಬರುತ್ತದೆ, ಉಳಿದ ಸಾಲುಗಳು ಕತ್ತಲೆಯಲ್ಲಿ ಉಳಿಯುತ್ತವೆ.

ಬೇಡವಾದವರು ಬಾಣವನ್ನು ಆರಿಸಬಹುದಲ್ಲ ಎಂದು ಸಮರ್ಥಕರು ಹೇಳುವುದುಂಟು. ನಾವು ಹಾಗೆ ಮಾಡಿಯೂ ನೋಡಿದೆವು. ಸ್ಕೈರಿಮ್‌ನಲ್ಲಿ ಕೆಲಸವನ್ನು ಒಪ್ಪಿಸುವವನು ಬಹುತೇಕ ಸಂದರ್ಭಗಳಲ್ಲಿ ಗವಿಯ ಹೆಸರನ್ನು ಮಾತ್ರ ಹೇಳುತ್ತಾನೆ. ನಕ್ಷೆಯಲ್ಲಿ ಅದನ್ನು ಗುರುತುಮಾಡುವೆನೆಂದು ಕೆಲವರು ಬಾಯಿಬಿಟ್ಟೇ ಹೇಳುತ್ತಾರೆ. ಬಾಣ ಹೋದಮೇಲೆ ಅದರ ಸ್ಥಾನದಲ್ಲಿ ವಿಚಾರಿಸಲು ಯಾವ ಸಾಕ್ಷ್ಯವೂ ಇರುವುದಿಲ್ಲ. 2025ರ ಏಪ್ರಿಲಿನಲ್ಲಿ ಆಬ್ಲಿವಿಯನ್ನಿನ ನವೀಕೃತ ಆವೃತ್ತಿ ಹೊರಬಂದಿತು. ಮರಗಿಡಗಳನ್ನೂ ಮುಖಗಳನ್ನೂ ಬೆಳಕನ್ನೂ ಹೊಸದಾಗಿ ರಚಿಸಿದ್ದಾರೆ. ದಿಕ್ಸೂಚಿಯ ಗುರುತು ಹಾಗೆಯೇ ಇದೆ.